ನೀಲಮ್ಮತ್ತಿಯ ಸೊಂಟ, ಅಂಬಾಸಿಡರಿನ ಪಾಟಾ

ನಮ್ಮ ಜೇವರ್ಗಿ ಮನೆಯ ಪಡಸಾಲೆ ಬಾಗಿಲು ಸ್ವಲ್ಪ ಗಾಳಿ ಬಂದರೂ ಜಗಳಗಂಟಿಯಂತೆ ಬಡಿದುಕೊಳ್ಳುತ್ತದೆ. ಮಂದಿಯ ಮನೆಯಲ್ಲಿ ಇಂಥ ಬಾಗಿಲಿಗೆ ಒಂದು ಕಲ್ಲು ಒತ್ತಿಡುತ್ತಾರೆ. ನಾವು ಒಂದು ಹಳೆಯ ಶಾಕಪ್ ಇಟ್ಟಿದ್ದೇವೆ. ಓದಿದವರು ಶಾಕ್ ಅಬ್ಸಾರ್ಬರ್ ಅನ್ನುವ ಅದೇ ಸಾಮಾನು; ನಮ್ಮ ಕಡೆ ಅಷ್ಟು ಉದ್ದ ಕರೆಯುವ ಪುರಸೊತ್ತು ಯಾರಿಗೂ ಇಲ್ಲ. ಮೊನ್ನೆ ಕಸ ಗುಡಿಸುವಾಗ ಹೆಂಡತಿ ಅದನ್ನೆತ್ತಿ ಆಚೆ ಇಟ್ಟಳು. ಅದು ಇದ್ದ ಜಾಗದಲ್ಲಿ ಅಂಗೈಯಗಲ ಎಣ್ಣೆಯ ಕಲೆ. ರಬ್ಬರು, ಹಳೆಯ ಎಣ್ಣೆ, ಎರೆ ಮಣ್ಣಿನ ಧೂಳು ಕೂಡಿದ ಒಂದು ವಾಸನೆ ಮೂಗಿಗೆ ಬಂತು. ಗಾಡಿಯಿಂದ ಬಿಚ್ಚಿ ಇಷ್ಟು ಕಾಲವಾದರೂ ಇದಿನ್ನೂ ಹಳೆಯ ಏಟುಗಳನ್ನು ನೆನೆಸಿಕೊಂಡು ಬೆವರುತ್ತಿದೆಯಲ್ಲ ಅನ್ನಿಸಿ ನನಗೆ ನಗು ಬಂತು. ಹೆಂಡತಿಗೆ ಬರಲಿಲ್ಲ. ಕಲೆ ಒರೆಸುವವರಿಗೆ ಇಂಥ ವಿಚಾರ ಹೊಳೆಯುವುದು ಕಡಿಮೆ.

ಈ ಶಾಕಪ್ಪು ನೀಲಮ್ಮತ್ತಿಯ ಅಂಬಾಸಿಡರಿನದು. ಕಾರು ಈಗ ನನ್ನ ಹೆಸರಿನಲ್ಲಿದೆ, ಎಣ್ಣೆ ಹಾಕಿಸುವವನೂ ನಾನೇ. ಆದರೂ ಮದುವೆಯಾಗಿ ಬಂದ ಸೊಸೆಯನ್ನು ಸಾಯುವತನಕ ತವರೂರಿನ ಹೆಸರು ಹಿಡಿದೇ ಕರೆಯುವ ಮಂದಿ ನಮ್ಮವರು. ಕಾರಿಗೆ ಬೇರೆ ನ್ಯಾಯ ಎಲ್ಲಿಂದ ಬರಬೇಕು? ನಾನು ಅದರಲ್ಲಿ ಕೂತು ಬಜಾರಕ್ಕೆ ಹೋದರೆ "ನೀಲಮ್ಮಗೋಳ ಕಾರು ಬಂತು" ಅನ್ನುತ್ತಾರೆ. ಒಳಗೆ ಕೂತವನು ಲೆಕ್ಕಕ್ಕಿಲ್ಲ.

ನೀಲಮ್ಮತ್ತಿ ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ಆಳಂದದ ಆಚೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಹಿರೋಳ್ಳಿಯಲ್ಲಿ. ಕೊಟ್ಟದ್ದು ಅಫಜಲಪುರಕ್ಕೆ. ಮಾವ ತೊಗರಿ ವ್ಯಾಪಾರಿ. ಆತನಿಗೆ ಕಾರೆಂದರೆ ಬಾಗಿಲಿರುವ ಎತ್ತಿನ ಬಂಡಿ. ಡಿಕ್ಕಿಯಲ್ಲಿ ತೊಗರಿ, ಹಿಂದಿನ ಸೀಟಿನಲ್ಲಿ ತೊಗರಿ, ತೊಗರಿಯ ಮೇಲೆ ಒಬ್ಬ ಹಮಾಲ, ಮುಂದೆ ತಾನು. ಕಾರು ಮೂತಿ ಮೇಲೆತ್ತಿ, ಹಿಂಭಾಗ ನೆಲಕ್ಕೆ ಒರೆಸಿಕೊಂಡು ಓಡುವುದನ್ನು ನೋಡಲಾರದೆ ಖಜೂರಿಯ ಮೌಲಾಲಿ ಉಸ್ತಾದ ಅದರ ಹಿಂದಿನ ಪಾಟಾಗಳ ಕೆಳಗೆ ಇನ್ನಷ್ಟು ಪಾಟಾ ಜೋಡಿಸಿಕೊಟ್ಟ. ಪಾಟಾ ಅಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿ. ಒಂದರ ಕೆಳಗೊಂದು ಸೇರಿಸಿ ಬಿಗಿದರೆ ಅದೇ ಅಂಬಾಸಿಡರಿನ ಹಿಂದಿನ ಸ್ಪ್ರಿಂಗು. ಖಜೂರಿ ರಸ್ತೆಯಲ್ಲಿ ಹಗಲೆಲ್ಲ ಲಾರಿ ಓಡುತ್ತವೆ, ಉಸ್ತಾದನ ಕೈ ಪಳಗಿದ್ದೂ ಲಾರಿಯ ಮೇಲೆಯೇ. ಅವನು ಪಾಟಾ ಹಾಕಿದ ಮೇಲೆ ಕಾರು ಹುಂಜದಂತೆ ಹಿಂಭಾಗ ಎತ್ತಿ ನಿಂತಿತು. ತೊಗರಿ ಇದ್ದಾಗ ಸುಖವಾಗಿ ಓಡುತ್ತಿತ್ತು. ತೊಗರಿ ಇಲ್ಲದಾಗ ಒಳಗೆ ಕೂತವರು ತೊಗರಿಯಂತೆ ಸಿಡಿಯುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ನಿಂತಿತು. ಒಂದು ದಿನ ಅತ್ತಿ ಫೋನು ಮಾಡಿ, ಮಂದಿ ಕೋಳಿ ಬಂದು ಅದರಾಗ ತತ್ತಿ ಇಡಾಕತ್ತಾವ, ನಮ್ಮಂಥವರ ಮನ್ಯಾಗ ಇದು ಸೋಭಸೂದಿಲ್ಲ, ಬಂದು ಒಯ್ಯಿ ಅಂದಳು. ಹಾಗೆ ಕಾರು ಜೇವರ್ಗಿಗೆ ಬಂತು. ನಾನು ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಬಿಡುವಿನಲ್ಲಿ ಹಳೆಯ ಕಾರು ಸಿಕ್ಕರೆ ಮನುಷ್ಯ ಏನಾಗುತ್ತಾನೆ ಎಂಬುದನ್ನು ನನ್ನ ಹೆಂಡತಿಯನ್ನು ಕೇಳಬೇಕು; ನಾನು ಹೇಳಿದರೆ ಒಂದೇ ಪಕ್ಷದ ಸಾಕ್ಷಿಯಾಗುತ್ತದೆ.

ಇಲ್ಲಿ ಎಳ್ಳ ಅಮಾವಾಸ್ಯೆಯ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಚಳಿಗಾಲದಲ್ಲಿ ಜೋಳ ಎದೆಮಟ್ಟಕ್ಕೆ ಬಂದು, ಕಡಲೆ ಹೂ ಬಿಟ್ಟಾಗ ನಮ್ಮ ಕಡೆ ಆ ಹಬ್ಬ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ಕಡಬು, ಎಲ್ಲ ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆ ತುಂಬ ಅಂಬಲಿ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಆ ಅಡುಗೆಯನ್ನು ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತೇವೆ. ಬಸುರಿಗೆ ಬಯಕೆ ಊಟ ಕೊಟ್ಟಂತೆ, ಹೊಲಕ್ಕೆ. ನೀಲಮ್ಮತ್ತಿ ಮದುವೆಯಾಗಿ ಹೋದರೂ ಒಂದು ವರ್ಷವೂ ತವರಿನ ಹೊಲದ ಚರಗ ತಪ್ಪಿಸಿದವಳಲ್ಲ. ಮಾವ ಇರುವತನಕ ಕಾರಿನಲ್ಲಿ ಹೋದಳು, ಆಮೇಲೆ ಸರ್ಕಾರಿ ಬಸ್ಸಿನಲ್ಲಿ ಹೋದಳು.

ಹಾಗಿದ್ದವಳು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಕಲಬುರಗಿಯ ಡಾಕ್ಟರು ಒಳಗೆ ಏನೋ ಸರಳು ಹಾಕಿ ಕೂಡಿಸಿ, ಬೆನ್ನುಮೂಳೆಯ ಚಿತ್ರ ದೀಪಕ್ಕೆ ಹಿಡಿದು ತೋರಿಸಿ, ನಡೆಯಬಹುದು, ಆದರೆ ಜೋರಾಗಿ ಕುಲುಕಾಡುವಂತಿಲ್ಲ, ಒಂದು ಕೆಟ್ಟ ಏಟು ಬಿದ್ದರೆ ಕಾಲಿನ ಆಸೆ ಬಿಡಬೇಕಾಗುತ್ತದೆ ಅಂದರು. ಬಸ್ಸು, ಜೀಪು, ಟ್ರ್ಯಾಕ್ಟರು ಎಲ್ಲ ಬಂದ್. ಹೊಸ ನಮೂನೆಯ ಕಾರಿನಲ್ಲಿ ಒಯ್ಯೋಣವೆಂದರೆ ಅದರ ಬಾಗಿಲು ಗೂಡಿನ ಬಾಯಿಯಂತೆ. ಬಗ್ಗಿ, ಕಾಲು ಮಡಚಿ, ನುಸುಳಿ ಕೂಡಬೇಕು. ಅತ್ತಿಯ ಸೊಂಟ ಬಗ್ಗುತ್ತಿರಲಿಲ್ಲ, ಸ್ವಭಾವವಂತೂ ಮೊದಲಿನಿಂದಲೂ ಬಗ್ಗುತ್ತಿರಲಿಲ್ಲ. ಆಕೆ ನೆಟ್ಟಗೆ ಹೋಗಿ ನೆಟ್ಟಗೆ ಕೂಡಬಹುದಾಗಿದ್ದ ಗಾಡಿ ಅಂದರೆ ಅಂಬಾಸಿಡರ್ ಒಂದೇ. ಅದರ ಹಿಂದಿನ ಸೀಟು ಮಂಚದಂತೆ, ಬಾಗಿಲು ಮನೆಯ ಬಾಗಿಲಂತೆ. ಆದರೆ ಪಾಟಾ ಮಾತ್ರ ಲಾರಿಯದು.

ಹೀಗಾಗಿ ಕೆಲವು ವರ್ಷ ಹೊಲವೇ ಡಬ್ಬಿಯಲ್ಲಿ ಕೂತು ಅತ್ತಿಯ ಮನೆಗೆ ಬಂತು. ಹಿರೋಳ್ಳಿಯಲ್ಲಿ ಹೊಲ ಮಾಡುವವನು ನನ್ನ ಚಿಕ್ಕಪ್ಪನ ಮಗ ಬಸಣ್ಣ. ಹಬ್ಬದ ಸಂಜೆ ಅವನು ಚರಗದ ಅಡುಗೆಯನ್ನು ಡಬ್ಬಿಗೆ ಹಾಕಿ ಕಳಿಸುತ್ತಿದ್ದ. ಒಂದು ವರ್ಷ ನಾನೇ ಆ ಡಬ್ಬಿ ಒಯ್ದಿದ್ದೆ. ಅತ್ತಿ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ಬೆರಳಿಂದ ಒಂದು ಜೋಳದ ರವದಿಯ ಎಲೆಚೂರು ಆರಿಸಿ ತೆಗೆದು, ತಿನ್ನಲೂ ಇಲ್ಲ, ಚೆಲ್ಲಲೂ ಇಲ್ಲ, ಸೀರೆಯ ಸೆರಗಿನ ತುದಿಗೆ ಕಟ್ಟಿಕೊಂಡಳು.

"ನಿನ್ನ ಕಾರು ನನ್ನ ಎತ್ತಿ ಒಗಿಯಂಗಿಲ್ಲ ಅಂದ್ರ ಹೇಳು," ಅಂದಳು, "ನಾ ಬರ್ತೇನಿ."

ಅಷ್ಟೇ ಮಾತು. ಅವತ್ತಿನಿಂದ ನನಗೆ ಪಾಟಾದ ಹುಚ್ಚು ಹಿಡಿಯಿತು.

ನಿಮಗೆ ಗೊತ್ತಿರಲಿ, ಗಾಡಿಯ ಕೆಳಗಿನ ಸಂಸಾರ ನಮ್ಮ ಸಂಸಾರಕ್ಕಿಂತ ಬೇರೆಯಲ್ಲ. ಸ್ಪ್ರಿಂಗು ಭಾರ ಹೊರುತ್ತದೆ. ಏಟು ಬಿದ್ದರೆ ಕುಗ್ಗುತ್ತದೆ, ಕುಗ್ಗಿದ್ದು ಸುಮ್ಮನಿರದೆ ಮೇಲೆ ಹಾರುತ್ತದೆ, ಹಾರಿದ್ದು ಮತ್ತೆ ಕುಗ್ಗುತ್ತದೆ. ಹೀಗೆ ಒಂದು ಮಾತಿಗೆ ಹತ್ತು ಮಾತು ಬೆಳೆಸುವುದು ಅದರ ಗುಣ. ಶಾಕಪ್ಪಿನ ಕೆಲಸ ಪಕ್ಕದಲ್ಲಿ ನಿಂತು "ಆತ್ಬಿಡು, ಸಾಕು" ಅನ್ನುವುದು. ಸ್ಪ್ರಿಂಗು ಮೆತ್ತಗಿದ್ದು ಶಾಕಪ್ಪು ಬಿರುಸಾದರೆ ಕಷ್ಟ. ಸ್ಪ್ರಿಂಗು ಬಿರುಸಾಗಿ ಶಾಕಪ್ಪು ಮೆತ್ತಗಾದರೆ ಇನ್ನೂ ಕಷ್ಟ. ಎರಡರ ಜಾತಕ ಕೂಡಿಬರಬೇಕು. ಇನ್ನು ನಮ್ಮ ರಸ್ತೆಗಳೋ, ಎರೆ ಮಣ್ಣಿನ ಮೇಲೆ ಮಲಗಿದವು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲೆ ಎಷ್ಟೇ ಚೆಂದ ಡಾಂಬರು ಹಾಕಿದರೂ ಕೆಳಗಿನದು ತನ್ನ ಉಸಿರಾಟ ಬಿಡುವುದಿಲ್ಲ. ಅಲೆಅಲೆಯಾದ ಆ ರಸ್ತೆಯ ಮೇಲೆ ಊರಿಗೊಂದು, ಹಿರಿಯರ ಮನೆಗೊಂದು, ಕೋಪ ಬಂದವರ ಮನೆಗೆ ಎರಡು ಎಂಬಂತೆ ರಸ್ತೆಗಡ್ಡ ಎಬ್ಬಿಸಿದ ಹಂಪುಗಳು.

ಮೊದಲು ಖಜೂರಿಗೆ ಹೋದೆ. ಮೌಲಾಲಿ ಉಸ್ತಾದ ಈಗ ಮುದುಕ, ಗಡ್ಡಕ್ಕೆ ಮೆಹಂದಿ, ಆದರೆ ಪಾಟಾದ ವಿಷಯದಲ್ಲಿ ಯೌವನ ಹೋಗಿಲ್ಲ. ನನ್ನ ಬೇಡಿಕೆ ಕೇಳಿ ಅವನಿಗೆ ಅವಮಾನವಾಯಿತು. ಪಾಟಾ ತೆಗೆಯುವುದೆಂದರೆ ಮನೆಯ ತೊಲೆ ತೆಗೆದಂತೆ ಅಂದ. ಬೇಕಾದರೆ ಇನ್ನೊಂದು ಹಾಕಿಕೊಡುತ್ತೇನೆ, ಗಾಡಿ ಹಿಂದೆ ಕೂತಿತು ಅಂದರೆ ಮಾಲಕನ ಇಜ್ಜತ್ ಕೂತಂತೆ ಅಂದ. ಅತ್ತಿಯ ಸೊಂಟದ ಮಾತೆತ್ತಿದರೆ ಅದಕ್ಕೆ ಒಂದು ತಲೆದಿಂಬು ಸಾಕು ಅಂದ. ನಾನು ಒಪ್ಪಲಿಲ್ಲ.

ಆಮೇಲೆ ಮೊಬೈಲಿನಲ್ಲಿ ಹಳೆಯ ಕಾರಿನ ಭಕ್ತರ ಒಂದು ಗುಂಪಿಗೆ ಸೇರಿಕೊಂಡೆ. ಅಲ್ಲಿ ಬೆಳಗಾದರೆ ಪಾಟಾ, ಸಂಜೆಯಾದರೆ ಶಾಕಪ್ಪು. ನಡುವೆ ಯಾರದೋ ಹುಟ್ಟುಹಬ್ಬ. ಪುಣೆಯ ಒಬ್ಬ ಸಾಹೇಬರು ನನ್ನ ಮೇಲೆ ಕರುಣೆ ಇಟ್ಟರು. ಬಹಳ ಸಂಭಾವಿತರು. ಸ್ಪ್ರಿಂಗು ಆರಿಸುವ ಮೊದಲು ಗಾಡಿಯ ಉಪಯೋಗ ಏನು ತಿಳಿಯಬೇಕು, ಎಷ್ಟು ಜನ ಕೂಡುತ್ತಾರೆ, ಸಾಮಾನು ಎಷ್ಟು ಎಂದು ಕೇಳಿದರು. ನಾನು, ನನ್ನ ಅತ್ತಿ, ಒಂದು ಬುತ್ತಿ ಗಂಟು ಎಂದು ಬರೆದೆ. ಜೀವಮಾನವಿಡೀ ಲೆಕ್ಕ ಕಲಿಸಿದವನು ಕೊಟ್ಟ ಉತ್ತರ ಅದು. ಅವರು ಹಾಗಾದರೆ ಹೆಚ್ಚಿನ ಪಾಟಾಗಳನ್ನೆಲ್ಲ ತೆಗೆಸಿ, ಉಳಿದವುಗಳ ನಡುವೆ ನುಣುಪಾದ ಪಟ್ಟಿ ಕೂಡಿಸಿ, ಹೊಸ ಗ್ಯಾಸಿನ ಶಾಕಪ್ಪು ಹಾಕಿಸಿ ಎಂದರು. ಆ ಶಾಕಪ್ಪಿಗೆ ಒಂದು ಗುಬ್ಬಿ ಇತ್ತು. ಆ ಕಡೆ ತಿರುವಿದರೆ ಬಿರುಸು, ಈ ಕಡೆ ತಿರುವಿದರೆ ಮೆತ್ತಗೆ.

ಮೌಲಾಲಿ ಉಸ್ತಾದನೇ ಬೈಯುತ್ತ ಎಲ್ಲ ಜೋಡಿಸಿಕೊಟ್ಟ. ಮುಗಿದ ಮೇಲೆ ಕಾರಿನ ಹಿಂಭಾಗವನ್ನು ಒಂದು ಕೈಯಿಂದ ಒತ್ತಿದ. ಅದು ಮೆಲ್ಲಗೆ ಕುಗ್ಗಿ ಮೆಲ್ಲಗೆ ಎದ್ದಿತು. "ಮಾಸ್ತರ್, ಇದು ಕಾರಲ್ರಿ, ತೊಟ್ಲ," ಅಂದ. ನಾನು ಹೊಗಳಿಕೆ ಅಂದುಕೊಂಡೆ.

ಅಲ್ಲಿಂದ ನಾನು ದಿನಾ ಬೆಳಿಗ್ಗೆ ಕಾರಿನ ಕೆಳಗೆ ಕೈ ಹಾಕಿ ಗುಬ್ಬಿ ತಿರುವುವುದು, ಸಾರಿಗೆ ಉಪ್ಪು ನೋಡುವವರಂತೆ ರಸ್ತೆಗೆ ಹೋಗಿ ರುಚಿ ನೋಡಿಬರುವುದು. ಕೊನೆಗೆ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಜೇವರ್ಗಿಯ ಅತ್ಯಂತ ಕೆಟ್ಟ ರಸ್ತೆಯಲ್ಲಿ ಒಯ್ದೆ. ಹೇಗಿತ್ತೆಂದು ಕೇಳಿದರೆ, ಏನೋಪ್ಪ, ನನಗ ತೂಕಡಿಕಿ ಹತ್ತಿತ್ತು ಅಂದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಡಬೇಕು? ಅತ್ತಿಗೆ ಫೋನು ಮಾಡಿ, ಈ ವರ್ಷ ಹಿರೋಳ್ಳಿಗೆ ಅಂದೆ. ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ ಬಂತು, ಆಮೇಲೆ ಎಳ್ಳು ಹುರಿದಿಟ್ಟೇನಿ ಅಂದಳು.

ಹಬ್ಬದ ಹಿಂದಿನ ದಿನವೇ ಅಫಜಲಪುರ ಮುಟ್ಟಿದೆ. ಮುಂಜಾನೆ ಚಹಾ ಕುಡಿದು ಹೊರಗೆ ಬಂದು ನೋಡುತ್ತೇನೆ, ಕಾರಿನಲ್ಲಿ ಮಂದಿ ಕೂತಿದ್ದಾರೆ. ಕೂಡುತ್ತಿದ್ದಾರೆ ಅಲ್ಲ, ಕೂತಾಗಿದೆ. ಮುಂದಿನ ಸೀಟಿನಲ್ಲಿ ಬಿಳಿ ಟೊಪ್ಪಿಗೆಯ ಸಿದ್ರಾಮಪ್ಪ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಓಣಿಯ ಹಿರಿಯ. ಆತನ ಪಕ್ಕದಲ್ಲಿ ಆತನ ತಮ್ಮ. ಹಿಂದೆ ಪಕ್ಕದ ಮನೆಯ ಕಲ್ಲವ್ವ, ಆಕೆಯ ಮಗಳು, ಮಗಳ ತೊಡೆಯ ಮೇಲೆ ಮಕ್ಕಳು, ಮಕ್ಕಳ ತೊಡೆಯ ಮೇಲೆ ಕಡಬಿನ ಬುಟ್ಟಿ. ಡಿಕ್ಕಿಯಲ್ಲಿ ಅಂಬಲಿಯ ಗಡಿಗೆಗಳು. ಎಡಗಡೆಯ ಮೂಲೆ ಮಾತ್ರ ಖಾಲಿ. ಅದು ಅತ್ತಿಯ ಜಾಗ.

ನಾನು ಅತ್ತಿಯನ್ನು ಒಳಗೆ ಕರೆದು, ಈ ಗಾಡಿ ಇಬ್ಬರಿಗೆ ಅಂತ ಮಾಡಿಸಿದ್ದು ಎಂದು ಪಿಸುಗುಟ್ಟಿದೆ. ಆಕೆ ಕನ್ನಡಿಯಲ್ಲಿ ವಿಭೂತಿ ಸರಿಪಡಿಸುವಷ್ಟೇ ತಾಳ್ಮೆಯಿಂದ ನನಗೆ ವಿವರಿಸಿದಳು. ಸೊಂಟ ಮುರಿದಾಗ ಪಕ್ಕದಲ್ಲಿ ಮಲಗಿದ್ದು ಕಲ್ಲವ್ವ. ಮಾವ ಹೋದ ಮೇಲೆ ಹಬ್ಬದ ದಿನ ಸ್ಟಾಪಿಲ್ಲದ ಕಡೆ, ಹೊಲದ ಬದುವಿಗೇ ಬಸ್ಸು ನಿಲ್ಲಿಸಿ ಇಳಿಸುತ್ತಿದ್ದವನು ಸಿದ್ರಾಮಪ್ಪ. ಇವರಲ್ಲಿ ಯಾರನ್ನು ಇಳಿಸಬೇಕೋ ನೀನೇ ಹೋಗಿ ಹೇಳು ಅಂದಳು. ನಾನು ಕಾರಿನತನಕ ಹೋದೆ. ಕಲ್ಲವ್ವ ಚರಗಕ್ಕೆ ಎತ್ತಿಟ್ಟು ಮಿಕ್ಕ ಒಂದು ಬಿಸಿ ಕಡಬನ್ನು ಕಿಟಕಿಯಿಂದ ಕೈಗಿಟ್ಟಳು. ಬಾಯಲ್ಲಿ ಕಡಬು ಇಟ್ಟುಕೊಂಡು ಯಾರನ್ನಾದರೂ ಇಳಿಯಿರಿ ಅನ್ನಲು ಬರುತ್ತದೆಯೇ ಹೇಳಿ. ಅಲ್ಲದೆ ಚರಗದ ಅಡುಗೆ ಹೊತ್ತ ಗಾಡಿಯಲ್ಲಿ ಸೀಟು ಖಾಲಿ ಬಿಟ್ಟುಕೊಂಡು ಹೋಗುವ ಪದ್ಧತಿ ನಮ್ಮ ಕಡೆ ಎಂದೂ ಇಲ್ಲ. ಇದು ನನಗೆ ಗೊತ್ತಿತ್ತು. ಪುಣೆಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಹೇಳಲಿಲ್ಲ, ಗೊತ್ತಿಲ್ಲದವರು ಲೆಕ್ಕ ಹಾಕಿದರು.

ಊರ ಹೊರಗಿನ ಮೊದಲ ಹಂಪಿನಲ್ಲೇ ತೊಟ್ಟಿಲ ಬಣ್ಣ ಬಯಲಾಯಿತು. ಮೆತ್ತಗಿನ ಪಾಟಾ ಆಗಲೇ ಪೂರ್ತಿ ಕುಗ್ಗಿ ಕೂತಿತ್ತು; ಏಟು ನುಂಗಲು ಅದರಲ್ಲಿ ಜಾಗವೇ ಉಳಿದಿರಲಿಲ್ಲ. ಉಕ್ಕಿಗೆ ಉಕ್ಕು ಬಡಿದು, ಸೈಲೆನ್ಸರು ರಸ್ತೆಗೆ ಕೆರೆದು, ಗಡಿಗೆಗಳು ಒಂದಕ್ಕೊಂದು ತಾಗಿದವು. ಕನ್ನಡಿಯಲ್ಲಿ ಅತ್ತಿಯ ಮುಖ ನೋಡಿದೆ. ಕಿಟಕಿಯ ಮೇಲಿನ ಪಟ್ಟಿ ಹಿಡಿದು ಕಣ್ಣು ಮುಚ್ಚಿದ್ದಳು. ತುಟಿ ಬೆಳ್ಳಗಾಗಿತ್ತು. ಕಾರು ನಿಲ್ಲಿಸಿ, ತಿರುಗಿ ಹೋಗೋಣ ಅತ್ತಿ ಅಂದೆ.

"ಹೊಲ ಹಿಂದ ಅದನೋ ಮುಂದ ಅದನೋ?" ಅಂದಳು ಕಣ್ಣು ಮುಚ್ಚಿಕೊಂಡೇ.

ಆಗ ಸಿದ್ರಾಮಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಬಾಗಿಲು ತೆಗೆದ. ಅಷ್ಟು ಹೊತ್ತು ಆತ ನಾನು ಗೇರು ಹಾಕುವ ರೀತಿ ನೋಡಿ ತನ್ನ ಮಗುವಿಗೆ ಮಂದಿ ಸ್ನಾನ ಮಾಡಿಸುವುದನ್ನು ನೋಡುವ ಹೆಂಗಸಿನಂತೆ ಸಂಕಟಪಡುತ್ತಿದ್ದ. "ಎಲ್ಲಾರೂ ಇಳೀರಿ," ಅಂದ. ಹಳ್ಳಕ್ಕೆ ನೀರು ಬಂದಾಗ ಸೇತುವೆಯ ಈಚೆ ಪ್ಯಾಸೆಂಜರು ಇಳಿಸಿ, ಖಾಲಿ ಬಸ್ಸು ದಾಟಿಸಿ, ಆಚೆ ಹತ್ತಿಸಿಕೊಳ್ಳುವುದು ಆತನ ಕಾಲದ ರೂಢಿಯಂತೆ. ನೀಲಮ್ಮಕ್ಕ ಒಬ್ಬಾಕಿ ಕೂಡಲಿ, ನಾವು ಹಂಪು ದಾಟಿ ಹತ್ತೋಣ ಅಂದ.

ಹಾಗೆ ಶುರುವಾಯಿತು ನಮ್ಮ ಮೆರವಣಿಗೆ. ಹಂಪು ಬಂದರೆ ಎಲ್ಲರೂ ಇಳಿಯುವುದು, ಅತ್ತಿಯೊಬ್ಬಳೇ ಕೂತ ಕಾರು ಹಂಸದಂತೆ ಏರಿ ಇಳಿಯುವುದು, ಆಚೆಗೆ ಎಲ್ಲರೂ ಓಡಿಬಂದು ಮತ್ತೆ ಹತ್ತುವುದು. ಪುಣೆಯ ಸಾಹೇಬರ ಲೆಕ್ಕ ಹಂಪಿನ ಮೇಲೆ ಮಾತ್ರ ಸರಿಯಾಗಿತ್ತು. ಪಕ್ಕದಿಂದ ಟ್ರ್ಯಾಕ್ಟರಿನಲ್ಲಿ ಹಬ್ಬಕ್ಕೆ ಹೊರಟವರು, ಕಾರು ನೂಕಾಕ ಇಷ್ಟ ಮಂದಿ ಕರಕೊಂಡು ಬಂದೀರೇನ್ರಿ ಎಂದು ಕೇಳಿ ಹೋದರು. ಒಂದು ಹಳ್ಳಿಯಲ್ಲಿ ಸುತ್ತ ಮಂದಿ ನಡೆಯುವುದನ್ನೂ ಒಳಗೆ ಮುದುಕಿಯೊಬ್ಬಳು ನೆಟ್ಟಗೆ ಕೂತದ್ದನ್ನೂ ನೋಡಿ ಯಾರೋ ದೊಡ್ಡ ಮಠದವರೆಂದು ಕೈಮುಗಿದರು. ಅತ್ತಿ ಸಂಕೋಚವಿಲ್ಲದೆ ಆಶೀರ್ವಾದ ಮಾಡಿದಳು. ಆಳಂದದ ಈಚೆ ಚಹಾದಂಗಡಿಯವನೊಬ್ಬ ಬಗ್ಗಿ ನೋಡಿ, ಪೇಷಂಟ್ ಏನ್ರಿ ಅಂತ ಮೆಲ್ಲಗೆ ನನ್ನನ್ನು ಕೇಳಿದ. ಉತ್ತರ ಒಳಗಿನಿಂದ ಬಂತು.

"ಪೇಷಂಟ್ ಕಾರ್ ಅದಪ್ಪ. ನಾ ಅದರ ಜೋಡಿ ಬಂದೇನಿ."

ಆಳಂದ ದಾಟುವಷ್ಟರಲ್ಲಿ ಸೂರ್ಯ ನೆತ್ತಿ ಬಿಟ್ಟಿದ್ದ. ಹೊಲದಲ್ಲಿ ಚರಗ ಮಧ್ಯಾಹ್ನದ ಊಟಕ್ಕೆ ಮೊದಲೇ ಆಗಬೇಕು. ಚೆಲ್ಲದೆ ಯಾರೂ ಉಣ್ಣುವಂತಿಲ್ಲ. ಬಸಣ್ಣನ ಫೋನಿನ ಮೇಲೆ ಫೋನು. ಅವನ ಮನೆಯ ಮಕ್ಕಳು ಹಸಿದು ಅಳುತ್ತಿರುವುದು ನಮಗೂ ಕೇಳುತ್ತಿತ್ತು. ನೀವು ಮುಗಿಸಿಬಿಡ್ರಿ, ನಾವು ಆಮೇಲೆ ಬಂದು ನಮಸ್ಕಾರ ಮಾಡುತ್ತೇವೆ ಎಂದು ನಾನು ಹೇಳಬೇಕೆಂದಿದ್ದೆ. ಫೋನು ಸಿದ್ರಾಮಪ್ಪನ ಕೈಯಲ್ಲಿತ್ತು. ಆತ ಬಸ್ಸು ಲೇಟಾದಾಗ ಕಂಟ್ರೋಲು ರೂಮಿಗೆ ಹೇಳುವ ಧ್ವನಿಯಲ್ಲಿ, ಬರಾಕತ್ತೇವಿ, ಅಂದು ಕಟ್ ಮಾಡಿದ. ಆಮೇಲೆ ಹಂಪು ಕಂಡರೆ ನಾನು ನಿಲ್ಲಿಸುವ ಮೊದಲೇ ಬಾಗಿಲುಗಳು ತೆರೆಯುತ್ತಿದ್ದವು. ಕಲ್ಲವ್ವನ ಚಪ್ಪಲಿಯ ಉಂಗುಟ ಹರಿದಿತ್ತು, ಆಕೆ ಬರಿಗಾಲಲ್ಲೇ ಇಳಿಯುತ್ತಿದ್ದಳು, ಹತ್ತುತ್ತಿದ್ದಳು.

ಹಿರೋಳ್ಳಿಯ ಹೊಲ ಮುಟ್ಟಿದಾಗ ನೆರಳು ಉದ್ದವಾಗಿತ್ತು. ಬಸಣ್ಣನ ಮನೆಯವರು ಬನ್ನಿ ಗಿಡದ ಕೆಳಗೆ ಅಡುಗೆ ಮುಚ್ಚಿಟ್ಟುಕೊಂಡು ಕೂತಿದ್ದರು. ಹಸಿದವರ ಮುಖದಲ್ಲಿ ಭಕ್ತಿ ಸ್ವಲ್ಪ ಕಡಿಮೆಯಿತ್ತು. ಕಾರು ಬದುವಿನತನಕ ಮಾತ್ರ ಹೋಗಬಲ್ಲದು. ಅಲ್ಲಿಂದ ಎರೆ ಹೊಲ, ಬಿರುಕು ಬಿಟ್ಟ ನೆಲ. ನಾನು ಕುರ್ಚಿ ತರಿಸಿ ಎತ್ತಿಕೊಂಡು ಹೋಗೋಣ ಅಂದೆ. ಅತ್ತಿ ಆಗಲೇ ಕಲ್ಲವ್ವನ ಹೆಗಲ ಮೇಲೆ ಕೈಯಿಟ್ಟಿದ್ದಳು. ಆ ಹೊಲದಲ್ಲಿ ಆಕೆ ಹೆಜ್ಜೆಯಿಟ್ಟ ರೀತಿ ನಾನೆಂದೂ ಮರೆಯುವುದಿಲ್ಲ. ಕಣ್ಣು ನೆಲದ ಮೇಲಿರಲಿಲ್ಲ. ಕಾಲಿಗೇ ಗೊತ್ತಿತ್ತು. ಐದು ಕಲ್ಲಿಗೆ ಸುಣ್ಣ ಕುಂಕುಮ ಹಚ್ಚಿ, ಎಡೆ ಹಿಡಿದು, ಕಲಸಿದ ಚರಗವನ್ನು ಹಿಡಿ ತುಂಬ ತೆಗೆದುಕೊಂಡು, ಜೋಳದ ಸಾಲಿನೊಳಗೆ ಬೀಸಿ ಒಗೆದು ಹಬ್ಬದ ಕೂಗು ಕೂಗಿದಳು. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ. ಹಿಂದಿನಿಂದ ಕಾರಿನ ಮಂದಿ, ಬಸಣ್ಣನ ಮಂದಿ ಎಲ್ಲ ಸೇರಿ ಮರುಕೂಗು ಕೊಟ್ಟರು. ಆಚೆ ಹೊಲದವರು, ಅವರಾಚೆಯವರು ಊಟ ಮುಗಿಸಿ ಅಡ್ಡಾಗಿದ್ದವರು, ಎದ್ದು ಕೂತು ಓಗೊಟ್ಟರು.

ತಿರುಗಿ ಹೊರಡುವಾಗ ಗಡಿಗೆ ಬುಟ್ಟಿ ಖಾಲಿಯಾಗಿವೆ, ಭಾರ ಇಳಿದಿದೆ ಎಂದು ನಾನು ಮನಸ್ಸಿನಲ್ಲೇ ಸಂತೋಷಪಟ್ಟೆ. ಲೆಕ್ಕದ ಮಾಸ್ತರನ ಸಂತೋಷ. ಡಿಕ್ಕಿಯಲ್ಲಿದ್ದದ್ದು ಹೊಟ್ಟೆಗೆ ಹೋಗಿತ್ತು, ಅಷ್ಟೆ. ಹೊಟ್ಟೆಗಳು ಅದೇ ಕಾರಿಗೆ ಹತ್ತಿದವು. ಸಾಲದ್ದಕ್ಕೆ ಬಸಣ್ಣ ಡಿಕ್ಕಿ ತುಂಬ ಹಸಿ ಕಡಲೆ ಗಿಡ ತುರುಕಿದ.

ಅದಾದ ಮೇಲೆ ಅತ್ತಿ ಕೆಲವು ದಿನ ಹಾಸಿಗೆ ಹಿಡಿದಳು. ಡಾಕ್ಟರು ಮತ್ತೆ ಚಿತ್ರ ದೀಪಕ್ಕೆ ಹಿಡಿದು, ಸರಳು ಸರಿದಿಲ್ಲ, ನಸೀಬು ನಿಮ್ಮದು ಅಂದರು. ಮುಂದಿನ ವರ್ಷ ನಾನೂ ನೀನೂ ಇಬ್ಬರೇ ಹೋಗೋಣ, ಉಳಿದವರಿಗೆ ಬೇರೆ ಜೀಪು ಮಾಡಿಸುತ್ತೇನೆ, ಆಗ ಈ ಪಾಟಾ ಬರಾಬರ್ ಆಗುತ್ತದೆ ಎಂದು ನಾನು ಹಾಸಿಗೆಯ ಪಕ್ಕದಲ್ಲಿ ಕೂತು ತಿಳಿಸಿ ಹೇಳಿದೆ. ಅತ್ತಿ ಎಲ್ಲ ಕೇಳಿದಳು.

"ಮನ್ಯಾಗ ಒಬ್ಬಾಕಿನ ಕೂತು ಡಬ್ಬ್ಯಾಗಿಂದು ಉಂಡೇನಲ್ಲ," ಅಂದಳು, "ಕಾರಿನ್ಯಾಗ ಒಬ್ಬಾಕಿನ ಕೂತರ ಅದೂ ಒಂದು ಡಬ್ಬಿನ. ಹಂಪಿನ ಮ್ಯಾಗ ಇವರೆಲ್ಲ ಇಳದಾಗ ಗಾಡಿ ಭಾಳ ಮೆತ್ತಗ ಹೋಗತಿತ್ತು ಖರೆ. ಆದರ ಪ್ರತಿ ಸಲಾ ನನಗ ಅಂಜಿಕಿ ಬರತಿತ್ತು ನೋಡು, ಇವರು ಮತ್ತ ಹತ್ತತಾರೋ ಇಲ್ಲೋ ಅಂತ."

ಪುಣೆಯ ಸಾಹೇಬರಿಗೆ ಈ ವಾಕ್ಯವನ್ನು ಹೇಗೆ ಬರೆದು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಮಂದಿ ಇಳಿಯಬಾರದು, ಸೊಂಟಕ್ಕೂ ಏಟು ಬೀಳಬಾರದು, ಅಂಥ ಪಾಟಾ ಯಾವುದು? ಹೇಗೋ ಬರೆದೆ. ಅವರು ಸಂಭಾವಿತರಾದ್ದರಿಂದ ನಗಲಿಲ್ಲ. ತುಂಬಿದ ಗಾಡಿಗೆ ತಕ್ಕಂತೆ ಪಾಟಾ ಹಾಕಿಸಿ, ಖಾಲಿ ಓಡಿಸುವ ಆಸೆ ಬಿಡಿ, ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದರು. ಅದಕ್ಕೆ ತಕ್ಕ ಶಾಕಪ್ಪಿನ ಹೆಸರನ್ನೂ ಕೊಟ್ಟರು. ಮೌಲಾಲಿ ಉಸ್ತಾದ ಮಾತ್ರ ತಾನು ಮೊದಲೇ ಹೇಳಿದ್ದೆ ಎಂದು ಖಜೂರಿ ತುಂಬ ಹೇಳಿಕೊಂಡು ತಿರುಗಿದ. ಸೊಂಟಕ್ಕೆ ಅವನು ಹೇಳಿದ್ದು ತಲೆದಿಂಬಿನ ಮಾತು ಎಂದು ನಾನು ನೆನಪಿಸಲಿಲ್ಲ.

ಹಬ್ಬ ಮತ್ತೆ ಹತ್ತಿರ ಬಂದಿದೆ. ನಿನ್ನೆ ಉಸ್ತಾದ ಅಫಜಲಪುರಕ್ಕೆ ಬಂದು ಅತ್ತಿಯ ಮನೆಯ ಮುಂದೆಯೇ ಹೊಸ ಪಾಟಾ ಜೋಡಿಸಿದ. ಕೊನೆಯ ಬೋಲ್ಟುಗಳನ್ನು ಗಾಡಿಯ ಮೇಲೆ ಭಾರವಿದ್ದಾಗಲೇ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ತೊಗರಿ ಚೀಲ ತರಿಸಿ ಅಂದ. ಅತ್ತಿ ಕಟ್ಟೆಯ ಮೇಲಿನಿಂದ, ಚೀಲ ಯಾಕ, ಮಂದಿ ಸತ್ತಾರೇನು ಅಂದು ಕಲ್ಲವ್ವನ ಮನೆಯ ಕಡೆ ಕೂಗಿದಳು. ಅರೆಗಳಿಗೆಯಲ್ಲಿ ಕಾರು ತುಂಬಿತು. ಸಿದ್ರಾಮಪ್ಪ ಟೊಪ್ಪಿಗೆ ಹಾಕಿಕೊಂಡೇ ಬಂದ. ಅತ್ತಿ ತನ್ನ ಮೂಲೆಯಲ್ಲಿ ನೆಟ್ಟಗೆ ಕೂತಳು. ಸುಮ್ಮನೆ ಹೇಗೆ ಕೂಡುವುದೆಂದು ಕಲ್ಲವ್ವ ಹುರಿದ ಶೇಂಗಾ ತಂದಳು. ಎಲ್ಲಿಗೂ ಹೊರಡದ ಗಾಡಿಯಲ್ಲಿ ಹೊರಟವರ ಗದ್ದಲ ಎದ್ದಿತು.

ನಾನು ಹೊರಗೆ ನಿಂತು ಬೆರಳಿನಿಂದ ಗಾಲಿಗೂ ಮೇಲಿನ ತಗಡಿಗೂ ನಡುವಿನ ಸಂದು ಅಳೆಯುತ್ತಿದ್ದೆ.

"ಲೇ, ನೀ ಯಾಕ ಹೊರಗ ನಿಂತಿ?" ಅಂದಳು ಅತ್ತಿ. "ನಿನ್ನ ಭಾರ ಯಾರು ಹಾಕಬೇಕು?"

ಸ್ಟೇರಿಂಗಿನ ಮುಂದೆ ಹೋಗಿ ಕೂತೆ. ಕಾರು ನನ್ನ ಪಾಲಿನಷ್ಟು ತಗ್ಗಿ ನಿಂತಿತು. ಬೆನ್ನ ಹಿಂದೆ ಯಾರೋ ಶೇಂಗಾ ಸಿಪ್ಪೆ ನನ್ನ ಹೆಗಲ ಮೇಲೆ ಚೆಲ್ಲಿದರು. ಕೆಳಗಿನಿಂದ ಉಸ್ತಾದ, ಆಯ್ತು, ಬಿಗಿದಾಯ್ತು, ಇನ್ನ ಇಳೀಬಹುದು ಅಂದ.

ಯಾರೂ ಇಳಿಯಲಿಲ್ಲ. ನಾನೂ ಇಳಿಯಲಿಲ್ಲ.